ಬಿಸಿ ತಾಗದ ಕೈ

ಹೋದ ತಿಂಗಳು ನಮ್ಮ ಬೀದಿಯ ಒಬ್ಬ ಹುಡುಗಿ ಮಧ್ಯಾಹ್ನದ ಹೊತ್ತು ಬಂದು, ಬಾಗಿಲು ಮುಂದೆ ಮಾಡಿ, ರವಿಕೆಯ ತೋಳು ಮೇಲೆತ್ತಿ ತೋರಿಸಿದಳು. ಎಂಟಾಣೆ ಅಗಲದ ಮಾಸಲು ಮಚ್ಚೆ. "ಅಜ್ಜಿ, ಇಲ್ಲಿ ಚಿವುಟುದ್ರೆ ಗೊತ್ತಾಯ್ತಾ ಇಲ್ಲ" ಎಂದಳು. ನನ್ನ ಹತ್ತಿರವೇ ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ನನ್ನ ಎಡಗೈಯ ಮಡಿಚಿಕೊಂಡ ಎರಡು ಬೆರಳು ಊರಿಗೇ ಗೊತ್ತು. ಮಾರನೆಯ ದಿನ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಈಗ ಮಾತ್ರೆ ಇದೆ, ನುಂಗಿದರೆ ವಾಸಿಯಾಗುತ್ತದೆ. ಆದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ನನ್ನ ಸೆರಗು ಹಿಡಿದುಕೊಂಡೇ ಕೂತಿದ್ದಳು. ಅಷ್ಟು ಹೊತ್ತಿನಲ್ಲಿ ನಾನು ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಳವಳ್ಳಿಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇಷ್ಟಕ್ಕೆ ಸಾಕು.

ಮಳವಳ್ಳಿ ನನ್ನ ತವರು. ಮದುವೆಯಾಗಿ ಬಂದದ್ದು ಸೋಮನಹಳ್ಳಿಯಿಂದ ಎರಡು ಮೈಲಿ ಒಳಗಿರುವ ಈ ಊರಿಗೆ. ಆಗ ನಮ್ಮ ಕಡೆ ಹೆಣ್ಣು ನೋಡಲು ಹೋದವರು ಹಾಡು ಹೇಳಿಸುತ್ತಿರಲಿಲ್ಲ, ಮುದ್ದೆ ಕಟ್ಟಿಸಿ ನೋಡುತ್ತಿದ್ದರು. ಒಲೆಯಿಂದ ಇಳಿಸಿದ ರಾಗಿಹಿಟ್ಟು ಕೆಂಡದ ಹಾಗೆ ಸುಡುತ್ತಿರುತ್ತದೆ. ಅಂಗೈಗೆ ನೀರು ಸವರಿಕೊಂಡು, ಬಿಸಿ ತಾಗುವುದರೊಳಗೆ ಉರುಳಿಸಿ ಗುಂಡಗೆ ಮಾಡಬೇಕು. ಎಂಥ ಕೈಯವಳೂ ಉಸ್ ಉಸ್ ಎನ್ನುತ್ತಲೇ ಮಾಡುವ ಕೆಲಸ ಅದು. ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ನಾಲ್ಕೈದು ವರ್ಷ ಕಳೆಯುವ ಹೊತ್ತಿಗೆ ಉಸ್ ಎನ್ನುವುದು ನಿಂತುಹೋಯಿತು. ಕಬ್ಬು ಕಡಿಯುವ ದಿನಗಳಲ್ಲಿ ಮೂವತ್ತು ಆಳಿಗೆ ಮುದ್ದೆ ಮಾಡಬೇಕಾದರೆ, ಹಿಟ್ಟಿನ ಹಬೆ ಆರುವ ಮುಂಚೆ ಮೂವತ್ತನ್ನೂ ಸಾಲಾಗಿ ಇಟ್ಟುಬಿಡುತ್ತಿದ್ದೆ.

ನಮ್ಮತ್ತೆಯ ಬಾಯಲ್ಲಿ ಹೊಗಳಿಕೆ ಬರುತ್ತಿದ್ದದ್ದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ. ಅಂಥವರು ಬಂದ ನೆಂಟರನ್ನೆಲ್ಲ ಅಡಿಗೆಮನೆಗೆ ಕರೆಯುತ್ತಿದ್ದರು.

"ನೋಡಿ ಬನ್ರವ್ವ, ನಮ್ ಸೊಸೆ ಕೈ ಕಂಡ್ರೆ ಬೆಂಕಿನೂ ಎದ್ರಿಕತ್ತದೆ."

ಒಂದು ಸಲ ನನ್ನ ನಾದಿನಿಯ ಅತ್ತೆ ನಂಬಲಿಲ್ಲ. "ಅಂಗಾದ್ರೆ ಒಲೆ ಮ್ಯಾಲಿನ ತಪ್ಪಲೆ ಬರಿಗೈಲಿ ಇಳ್ಸು ನೋಡವ" ಎಂದರು. ನಾನು ಇಳಿಸಿದೆ. ನಿಧಾನವಾಗಿ, ನೀರು ತುಂಬಿದ ಬಿಂದಿಗೆ ಇಳಿಸುವ ಹಾಗೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡೆ. ಆ ಹೆಂಗಸು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಆಮೇಲೆ ಅಂಗೈಯಲ್ಲಿ ಎದ್ದ ಬೊಬ್ಬೆಯನ್ನು ಯಾರಿಗೂ ತೋರಿಸಲಿಲ್ಲ. ಕೈ ಪಳಗಿದೆ ಎಂದು ಅತ್ತೆ ತಿಳಿದಿದ್ದರು, ನೆಂಟರು ತಿಳಿದಿದ್ದರು, ನಾನೂ ತಿಳಿದಿದ್ದೆ. ಪಳಗಿದ ಕೈಗೆ ಬೊಬ್ಬೆ ಯಾಕೆ ಏಳಬೇಕು ಎಂದು ಒಬ್ಬರೂ ಕೇಳಿಕೊಳ್ಳಲಿಲ್ಲ.

ಮಗಳು ಗೌರಿಗೆ ಒಂದೂವರೆ ವರ್ಷ ಆಗಿತ್ತು. ಒಂದು ಮಧ್ಯಾಹ್ನ ಒಲೆಯ ಪಕ್ಕ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಕೊಡುತ್ತ, ಅತ್ತೆಯ ಜೊತೆ ಮಾತಾಡುತ್ತಿದ್ದೆ. ಅತ್ತೆ ಮೂಗು ಅರಳಿಸಿದರು.

"ಏನೋ ಸುಟ್ಟ ವಾಸ್ನೆ. ಇಲಿಗಿಲಿ ಒಲೆಗೆ ಬಿದ್ದದಾ ನೋಡೆ."

ಬಲಗೈಯಲ್ಲಿ ಕಡ್ಡಿ ತೆಗೆದುಕೊಂಡು ಒಲೆಯೊಳಗೆ ಕೆದಕಿದೆ. ಇಲಿ ಇರಲಿಲ್ಲ. ವಾಸನೆ ಹೋಗಲಿಲ್ಲ. ಅತ್ತೆ ಎದ್ದು ಬಂದು ನೋಡಿ ನನ್ನ ಎಡಗೈಯನ್ನು ಜಗ್ಗಿ ಎಳೆದರು. ಕಿರುಬೆರಳು ಈಚೆ ಉರುಳಿದ್ದ ಕೆಂಡದ ಮೇಲೆ ಇತ್ತು. ಎಷ್ಟು ಹೊತ್ತಿನಿಂದ ಇತ್ತೋ ನನಗೆ ಗೊತ್ತಿಲ್ಲ. ಅತ್ತೆ ಬೆರಳನ್ನು ನೋಡಿದರು, ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ನೋವು ಕಾಣದೆ ಅವರು ಹೆದರಿದರು ಎಂದು ಈಗ ಅನ್ನಿಸುತ್ತದೆ. ಆಗ ಅವರು ಮಗುವನ್ನು ಎತ್ತಿಕೊಂಡು ಆಚೆಗೆ ಹೋದರು.

ನಮ್ಮ ಯಜಮಾನರು ನನ್ನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದರು. ಯುದ್ಧದ ಕಾಲ. ಪೆಟ್ರೋಲು ಇಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಗೆಜ್ಜಲಗೆರೆ ಹತ್ತಿರ ಬಸ್ಸು ನಿಂತು, ಎಲ್ಲರೂ ಇಳಿದು, ಡ್ರೈವರು ಹಿಂದಿನ ಒಲೆ ಕೆದಕುವವರೆಗೆ ಮರದಡಿ ಕೂತೆವು. ಆಸ್ಪತ್ರೆಯಲ್ಲಿ ಮೊದಲು ಎಲ್ಲರ ಜೊತೆ ಬೆಂಚಿನ ಮೇಲೆ ಕೂರಿಸಿದರು. ಕಾಂಪೌಂಡರು ನನ್ನ ತೋಳಿನಲ್ಲಿ ಎಷ್ಟೋ ದಿನದಿಂದ ಇದ್ದ ಮಾಸಲು ಮಚ್ಚೆ ನೋಡಿ ಒಳಗೆ ಹೋಗಿ ಬಂದು, ಹಿಂದಿನ ವರಾಂಡದಲ್ಲಿ ಕೂರಲು ಹೇಳಿದ. ಅಲ್ಲಿ ಬೆಂಚು ಇರಲಿಲ್ಲ, ನೆಲದ ಮೇಲೆ ಏಳೆಂಟು ಜನ ಇದ್ದರು. ಒಬ್ಬರೂ ಒಬ್ಬರ ಮುಖ ನೋಡುತ್ತಿರಲಿಲ್ಲ. ಒಬ್ಬ ಮುದುಕನ ಕಾಲಿಗೆ ಸುತ್ತಿದ ಬಟ್ಟೆ ನೋಡಿದ ಮೇಲೆ, ಇದು ಯಾವ ವರಾಂಡ ಎಂದು ನನಗೆ ತಿಳಿಯಿತು.

ಡಾಕ್ಟರು ಮೈಸೂರಿನ ಕಡೆಯವರು, ಮೆದು ಮಾತಿನವರು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟುತ್ತೇನೆ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ ಎಂದರು. ಸ್ಕೂಲಿನಲ್ಲಿ ಬಾರದ ಲೆಕ್ಕಕ್ಕೆ ಅಂದಾಜಿನ ಉತ್ತರ ಬರೆದು ಪಾಸಾದ ಹೆಣ್ಣು ನಾನು. ಇಲ್ಲೂ ಹಾಗೇ ಮಾಡಿದೆ. ಇಲ್ಲಿ ಎಂದೆ, ಇಲ್ಲಿ ಎಂದೆ, ಇಗೋ ಇಲ್ಲಿ ಎಂದೆ.

"ಕಣ್ಣು ಬಿಡಿ ತಾಯಮ್ಮ" ಎಂದರು ಡಾಕ್ಟರು, ಚೀಟಿಯಲ್ಲಿದ್ದ ನನ್ನ ಹೆಸರು ಹಿಡಿದು. "ಕಡೆಯ ಮೂರು ಸಲ ನಾನು ಮುಟ್ಟಲೇ ಇಲ್ಲ."

ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಡಾಕ್ಟರು ಅವರನ್ನೂ ಒಳಗೆ ಕರೆದು ಕಾಯಿಲೆಯ ಹೆಸರು ಹೇಳಿದರು. ನಮ್ಮೂರಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದೊಡ್ಡ ಕಾಯಿಲೆ ಎನ್ನುತ್ತಿದ್ದರು. ಊರಾಚೆ ಗುಡಿಸಲು ಹಾಕಿ, ದೂರದಿಂದ ಅನ್ನ ಇಟ್ಟುಬರುತ್ತಿದ್ದ ಕಾಯಿಲೆ. ನಾನು ಅಳಲಿಲ್ಲ. ಎಮ್ಮೆಗೆ ಯಾರು ಹುಲ್ಲು ಹಾಕಿರುತ್ತಾರೋ ಎಂದು ಯೋಚಿಸುತ್ತಿದ್ದೆ.

ವಾರಕ್ಕೊಂದು ಸಲ ಬಂದು ಮದ್ದಿನ ಎಣ್ಣೆಯ ಸೂಜಿ ಹಾಕಿಸಿಕೊಳ್ಳಬೇಕು, ಎರಡು ವರ್ಷವೋ ಮೂರು ವರ್ಷವೋ. ಊಟದ ಪಾತ್ರೆ, ಹಾಸಿಗೆ ಬೇರೆ. ಇಷ್ಟು ಹೇಳಿ ಡಾಕ್ಟರು, "ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ?" ಎಂದು ಕೇಳಿದರು.

"ಒಂದು ಹೆಣ್ಣು ಕೂಸದೆ ಸ್ವಾಮಿ. ಇನ್ನೂ ಮೊಲೆ ಬುಡ್ಸಿಲ್ಲ" ಎಂದರು ಯಜಮಾನರು.

"ಇವತ್ತಿನಿಂದ ಬಿಡಿಸಿ. ಇವರು ಮಗುವನ್ನು ಮುಟ್ಟಬಾರದು. ನಾವು ಹೇಳುವವರೆಗೆ."

ಆಗಲೂ ಅಳು ಬರಲಿಲ್ಲ. ಸರಿ ಎಂದು ತಲೆಯಾಡಿಸಿದೆ. ಇದೆಲ್ಲದರಲ್ಲಿ ನನಗೆ ಬೇಕಾಗಿದ್ದದ್ದು ಒಂದೇ, ಆ ಕೂಸನ್ನು ಮತ್ತೆ ತೊಡೆಯ ಮೇಲೆ ಹಾಕಿಕೊಳ್ಳುವುದು. ಆದರೆ ಬೇಕು ಎನ್ನುವ ಆಸೆಯೂ ಆಗ ಯಾವುದೋ ದೂರದ ಊರಿನಲ್ಲಿತ್ತು.

ವಾಪಸ್ಸು ಬರುವಾಗ ಯಜಮಾನರು ಮದ್ದೂರಿನಲ್ಲಿ ಇಳಿದು ಒಂದು ಅಂಗಡಿಗೆ ಹೋಗಿ ಬಂದರು. ಪೇಪರಿನಲ್ಲಿ ಸುತ್ತಿದ ಎರಡು ಪಿಂಗಾಣಿ ತಟ್ಟೆ, ಎರಡು ಲೋಟ.

"ಎರಡ್ಯಾಕೆ?" ಎಂದೆ.

"ಒಂದು ನಂಗೆ. ನಿಂಗೊಬ್ಬಳಿಗೇ ತಂದ್ರೆ ಊರೋರು ಕೇಳಕಿಲ್ವಾ?"

ಸಾಯುವವರೆಗೂ ಅವರು ಕಂಚಿನ ತಟ್ಟೆ ಮುಟ್ಟಲಿಲ್ಲ. ಇಬ್ಬರ ತಟ್ಟೆಯೂ ಒಂದೇ ಥರ, ನನ್ನದರ ಅಂಚಿಗೆ ಗುರುತಿಗೆ ಒಂದು ಕಪ್ಪು ಚುಕ್ಕೆ ಹಾಕಿದ್ದೆವು. ಯಾರಾದರೂ ಕೇಳಿದರೆ, ಹುಳಿಗೆ ಕಂಚು ಕಿಲುಬು ಬಿಡುತ್ತೆ ಎನ್ನುತ್ತಿದ್ದರು.

ಅತ್ತೆಗೆ ಹೇಳಿದ್ದು ಅವರೇ. ನಾನು ಜಗಲಿಯಲ್ಲಿ ಕೂತಿದ್ದೆ, ಒಳಗಿನ ಮಾತು ಕೇಳಿಸಲಿಲ್ಲ. ಅತ್ತೆ ತವರಿಗೆ ಕಳಿಸು ಎನ್ನುತ್ತಾರೆ ಎಂದು ಖಾತ್ರಿಯಾಗಿ ಗಂಟಿನಲ್ಲಿ ಏನೇನು ಕಟ್ಟಬೇಕೆಂದು ಎಣಿಸುತ್ತಿದ್ದೆ. ಅತ್ತೆ ಹೊರಗೆ ಬಂದಾಗ ಕೈಯಲ್ಲಿ ಒಂದು ಬಟ್ಟಲು ಅರೆದ ಬೇವಿನ ಸೊಪ್ಪಿತ್ತು.

"ಇದ್ನ ಅಚ್ಕೊ. ಕೂಸು ಬಾಯಿ ಹಾಕ್ದಂಗೆ" ಎಂದು ಬಟ್ಟಲನ್ನು ನನ್ನ ಪಕ್ಕದಲ್ಲಿ ಇಟ್ಟು, ನಿಂತರು. "ನಾನು ಆ ಕೈ ತೋರ್ಸಿ ತೋರ್ಸಿ ಮೆರುದ್ನಲ್ಲೇ ತಾಯಮ್ಮ. ನಂಗೆ ಕಣ್ಣಿರ್ಲಿಲ್ವಾ."

ಅಷ್ಟೇ. ಆ ವಿಷಯ ಮತ್ತೆ ಎತ್ತಲಿಲ್ಲ. ಆ ದಿನದಿಂದ ಮುದ್ದೆಯನ್ನು ಅವರೇ ಕಟ್ಟಿದರು. ಹತ್ತು ವರ್ಷ ಬಿಟ್ಟ ಕೆಲಸ. ಉಸ್ ಎಂದುಕೊಂಡು, ರಾಗಿಯ ತಾಯಿತಂದೆಯನ್ನೆಲ್ಲ ಬಯ್ದುಕೊಂಡು ಕಟ್ಟುತ್ತಿದ್ದರು. ನನ್ನ ಹಾಸಿಗೆ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಯಿತು. ಸೊಸೆಯ ಕೈ ಸುಟ್ಟು ವ್ರಣವಾಗಿದೆ, ಮಂಡ್ಯದಲ್ಲಿ ಔಷಧಿ ನಡೆಯುತ್ತಿದೆ ಎಂದು ಊರಿಗೆ ಹೇಳಿದರು. ಗೌರಿ ಮೂರು ದಿನ ಅತ್ತಳು. ನಾಲ್ಕನೆಯ ದಿನ ಅಜ್ಜಿಯ ಪಕ್ಕದಲ್ಲಿ ಮಲಗಿ ನಿದ್ದೆ ಮಾಡಿದಳು. ನನ್ನ ಎದೆ ಕಟ್ಟಿಕೊಂಡು ಕಲ್ಲಾಗಿ, ಆಮೇಲೆ ಬತ್ತಿತು. ದುಃಖವಾಗಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಆಗಲಿಲ್ಲ. ಯಾರದೋ ಮನೆಯ ವಿಷಯ ಕೇಳಿದ ಹಾಗಿತ್ತು.

ಆಸ್ಪತ್ರೆಯಲ್ಲಿ ಗಾಯ ಕಟ್ಟುವವನೊಬ್ಬ ಇದ್ದ, ಲಿಂಗಯ್ಯ ಎಂದು. ಡಾಕ್ಟರಿಗಿಂತ ಹೆಚ್ಚು ಮಾತು ಅವನದೇ. ಒಂದು ವಾರ ನನ್ನ ಅಂಗಾಲಿನಲ್ಲಿ ಕಾಸಗಲದ ಹುಣ್ಣು ನೋಡಿ ಕೇಳಿದ:

"ಇದು ಯಾವಾಗ್ಲಿಂದ ಅದೆ?"

"ಗೊತ್ತಿಲ್ಲ."

"ನಿಮ್ಮ ಕಾಲಲ್ವಾ?"

"ನೋವಾಗಲ್ಲ, ಹಂಗಾಗಿ ಗೊತ್ತಾಗಲಿಲ್ಲ."

"ನೋಡಿ ತಾಯಮ್ಮ, ಸೂಜಿ ಹಾಕೋದು ಸರ್ಕಾರದ ಕೆಲ್ಸ. ಕೈಕಾಲು ಕಾಯೋದು ನಿಮ್ಮ ಕೆಲ್ಸ. ಬೆರಳು ಉದುರೋದು ಕಾಯಿಲೆಯಿಂದಲ್ಲ ಕಣಮ್ಮ, ಸುಟ್ಟದ್ದು ಚುಚ್ಚಿದ್ದು ನೋಡ್ದೆ ಬುಡೋದ್ರಿಂದ. ನೋವು ಅನ್ನೋ ಕಾವಲುಗಾರ ಬಿಟ್ಟೋಗವ್ನೆ. ಇನ್ನು ನಿಮ್ಮ ಕಣ್ಣೇ ಕಾವಲು."

ಅವನು ಹತ್ತು ಕೆಲಸ ಹೇಳಿಕೊಟ್ಟ. ಕಾಲನ್ನು ನೀರಲ್ಲಿ ನೆನೆಸಿ ಹರಳೆಣ್ಣೆ ತಿಕ್ಕುವುದು, ಮಡಿಚಿದ ಬೆರಳನ್ನು ತೊಡೆಯ ಮೇಲಿಟ್ಟು ಇನ್ನೊಂದು ಕೈಯಿಂದ ನೀವಿ ನೆಟ್ಟಗೆ ಮಾಡುವುದು, ಬಟ್ಟೆಯಿಲ್ಲದೆ ಪಾತ್ರೆ ಮುಟ್ಟದಿರುವುದು, ಬಿಸಿ ನೋಡಬೇಕಾದರೆ ಮೊಣಕೈಯಿಂದ ನೋಡುವುದು, ಹೀಗೆ. ನಾನು ಊರಿಗೆ ಬಂದು ಒಂದೇ ದಿನಕ್ಕೆ ಹತ್ತನ್ನೂ ಶುರುಮಾಡಿ, ಐದನೆಯ ದಿನಕ್ಕೆ ಹತ್ತನ್ನೂ ಬಿಟ್ಟೆ. ಹೋಗಲಿ ಬಿಡು, ಯಾರಿಗೋಸ್ಕರ ಅನ್ನಿಸಿತು. ಮುಂದಿನ ವಾರ ಲಿಂಗಯ್ಯ ಹುಣ್ಣಿನ ಕಟ್ಟು ಬಿಚ್ಚಿದವನೇ ಎಲ್ಲವನ್ನೂ ತಿಳಿದುಕೊಂಡ. ಬಯ್ಯಲಿಲ್ಲ.

"ಒಂದು ಮಾಡಿ. ದೀಪ ಅಚ್ಚೋಕೆ ಮುಂಚೆ ಮುಖ ತೊಳಿತೀರಲ್ಲ, ಆಗ ಕಾಲೂ ತೊಳ್ದು ಅಂಗಾಲು ತಿರುಗ್ಸಿ ನೋಡಿ. ಬರೀ ನೋಡಿ. ಬೇರೇನೂ ಬ್ಯಾಡ."

ಬರೀ ನೋಡುವುದಕ್ಕೆ ಮನಸ್ಸು ಬೇಕಾಗಿಲ್ಲ. ಹಾಗಾಗಿ ಮಾಡಿದೆ. ಸಂಜೆ ಬಚ್ಚಲ ಕಲ್ಲಿನ ಮೇಲೆ ಕೂತು, ಮೊದಲು ಎಡಗಾಲು, ಆಮೇಲೆ ಬಲಗಾಲು, ಆಮೇಲೆ ಎರಡು ಅಂಗೈ. ದೇವರ ಮೇಲೆ ನಂಬಿಕೆ ಇಲ್ಲದವರು ಅಭ್ಯಾಸಕ್ಕೆ ಕೈಮುಗಿಯುತ್ತಾರಲ್ಲ, ಹಾಗೆ. ಎರಡು ತಿಂಗಳಾದ ಮೇಲೆ ಒಂದು ದಿನ, ಕಾಲು ಹೇಗೂ ಒದ್ದೆಯಿದೆ ಎಂದು ಎಣ್ಣೆ ತಿಕ್ಕಿದೆ. ಮತ್ತೆ ಯಾವಾಗಲೋ, ಎಣ್ಣೆ ಕೈ ಹೇಗೂ ಜಾರುತ್ತದೆ ಎಂದು ಬೆರಳು ನೀವಿದೆ. ಹುಣ್ಣು ಮುಚ್ಚಿಕೊಂಡಿತು. ಸಂತೋಷವಾಯಿತೇ ಎಂದರೆ, ಇಲ್ಲ. ಸುಮ್ಮನೆ ಮುಚ್ಚಿಕೊಂಡಿತು, ನಾನು ನೋಡಿದೆ.

ಕಷ್ಟವಾದದ್ದು ಚಪ್ಪಲಿ. ಬರಿಗಾಲಲ್ಲಿ ನಡೆಯಲೇಬಾರದು ಎಂದು ಲಿಂಗಯ್ಯ ಹೇಳಿದ್ದ. ಆಗ ನಮ್ಮೂರಿನ ಒಕ್ಕಲ ಮನೆಗಳಲ್ಲಿ ಹೆಂಗಸರು ಚಪ್ಪಲಿ ಮೆಟ್ಟುವುದೇ ಇರಲಿಲ್ಲ. ಅದರಲ್ಲೂ ಸೊಸೆ, ಹಿರಿಯರ ಮುಂದೆ ಮೆಟ್ಟಿಕೊಂಡು ಬಂದಳೆಂದರೆ ಮನೆಯ ಮಾನ ಹೋಯಿತು. ಯಜಮಾನರು ಮದ್ದೂರಿನಿಂದ ಮೆತ್ತನೆ ತೊಗಲಿನ ಜೋಡು ತಂದರು. ನಾನು ಅದನ್ನು ಕೋಣೆಯೊಳಗೆ ಮೆಟ್ಟಿಕೊಂಡು, ಹೊರಗೆ ಬರುವಾಗ ಬಿಟ್ಟು ಬರುತ್ತಿದ್ದೆ. ಹುಣ್ಣು ಮತ್ತೆ ಬಾಯಿ ಬಿಟ್ಟಿತು. ಅತ್ತೆ ಅದನ್ನು ನೋಡಿದರು.

ಮಾರನೆಯ ಬೆಳಿಗ್ಗೆ ಅತ್ತೆ ಮುಂದೆ, ನಾನು ಹಿಂದೆ, ಬಾವಿಗೆ ಹೋದೆವು. ನನ್ನ ಕಾಲಲ್ಲಿ ಚಪ್ಪಲಿ. ಬಾವಿಕಟ್ಟೆಯ ಹೆಂಗಸರೆಲ್ಲ ಹಗ್ಗ ಬಿಟ್ಟು ನೋಡಿದರು.

"ಇದೇನವ್ವ, ಸೊಸೆಗೆ ಮೆಟ್ಟು ಮೆಟ್ಸಿದೀಯ?" ಎಂದಳು ಒಬ್ಬಳು.

"ಅರಕೆ ಕಣಮ್ಮ" ಎಂದರು ಅತ್ತೆ, ಕಣ್ಣೂ ಮಿಟುಕಿಸದೆ. "ದೇವ್ರ ಮುಂದೆ ಹೂವ ಕೇಳುಸ್ದೆ. ಕೈ ವಾಸಿಯಾಗೋಗಂಟ ಇವಳು ನೆಲ ಮೆಟ್ಟಂಗಿಲ್ಲ ಅಂತ ಆಯ್ತು. ನಂಗೇನು ಆಸೆನಾ?"

ಚಪ್ಪಲಿ ಬಿಡುವ ಹರಕೆ ಎಲ್ಲರೂ ಕೇಳಿದ್ದರು, ಚಪ್ಪಲಿ ಮೆಟ್ಟುವ ಹರಕೆ ಅದೇ ಮೊದಲು. ಆದರೆ ದೇವರು ಹೇಳಿದ ಮೇಲೆ ಊರು ಏನು ಮಾತಾಡುತ್ತದೆ? ಆರು ತಿಂಗಳು ಕಳೆಯುವುದರೊಳಗೆ ಹಿಮ್ಮಡಿ ಒಡೆದುಕೊಂಡಿದ್ದ ಇಬ್ಬರು ಹೆಂಗಸರು ಬಂದು, ಆ ಹೂವ ಯಾವ ಗುಡಿಯಲ್ಲಿ ಕೇಳಿಸಿದಿರಿ ಎಂದು ಅತ್ತೆಯನ್ನು ವಿಚಾರಿಸಿದರು. ನಾನು ಬಹಳ ದಿನಗಳ ನಂತರ ನಕ್ಕದ್ದು ಆಗ. ಕೋಣೆಯೊಳಗೆ ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಕ್ಕದ್ದು ನನಗೇ ಆಶ್ಚರ್ಯವಾಯಿತು.

ಎರಡು ವರ್ಷದ ಮೇಲೆ ಏಳು ತಿಂಗಳು. ಅಷ್ಟು ಕಾಲ ಗೌರಿ ಬೆಳೆದದ್ದನ್ನು ನಾನು ಅಂಗಳದ ಈ ಕಡೆಯಿಂದ ನೋಡಿದೆ. ಅವಳು ಓಡುವುದು ಕಲಿತಳು, ಬಿದ್ದಳು, ಅಜ್ಜಿಯ ಕಡೆಗೆ ಅಳುತ್ತ ಹೋದಳು. ನಾನು ಎಂದರೆ ಅವಳಿಗೆ ಕೊಟ್ಟಿಗೆಯ ಪಕ್ಕದ ಕೋಣೆಯವಳು. ಅವ್ವ ಎನ್ನುತ್ತಿದ್ದಳು, ಆದರೆ ಅದು ಪಕ್ಕದ ಮನೆಯವರನ್ನು ಅಕ್ಕ ಎಂದ ಹಾಗಿತ್ತು. ಹತ್ತಿರ ಬಂದರೆ ನಾನೇ "ಆಚೆಗೋಗು" ಎನ್ನುತ್ತಿದ್ದೆ. ಮೊದಮೊದಲು ಹೇಳುವಾಗ ನಾಲಿಗೆ ತಡೆಯುತ್ತಿತ್ತು, ಆಮೇಲೆ ಕೋಳಿ ಓಡಿಸಿದಷ್ಟು ಸಲೀಸಾಯಿತು. ಈ ಸಲೀಸು ನನಗೆ ಇವತ್ತಿಗೂ ಕ್ಷಮಿಸಲಾಗದ್ದು.

ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಕಿವಿಯ ತುದಿ ಗೀರಿ ರಸ ತೆಗೆದು, ಕಾಯಿಲೆ ಇನ್ನೂ ಇದೆಯೇ ಎಂದು ನೋಡುತ್ತಿದ್ದರು. ಒಂದಲ್ಲ, ಹಲವು ತಿಂಗಳು ಒಂದರ ಹಿಂದೊಂದು ಶುದ್ಧವಾಗಿ ಬಂದ ಮೇಲೆ ಡಾಕ್ಟರು ನಕ್ಕು, "ಇನ್ನು ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ಮಗುವನ್ನು ಎತ್ತಿಕೊಳ್ಳಿ" ಎಂದರು. ಕೈಕಾಲಿನ ಸ್ಪರ್ಶ ಮಾತ್ರ ಹೋದದ್ದು ಹೋಯಿತು, ಬರುವುದಿಲ್ಲ ಎಂದೂ ಹೇಳಿದರು. ಲಿಂಗಯ್ಯ ಹೊರಗೆ ಬಂದು ಬಸ್ಸಿನವರೆಗೆ ಬಿಟ್ಟ. "ಸಂಜೆ ನೋಡೋದು ಮಾತ್ರ ಬುಡಬ್ಯಾಡಿ ತಾಯಮ್ಮ, ಸಾಯೋಗಂಟ" ಎಂದ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಗೌರಿಯನ್ನು ನನ್ನ ಕಡೆಗೆ ತಳ್ಳಿದರು. "ಓಗು, ನಿಮ್ಮವ್ವನ ತಾವ್ಕೆ ಓಗು." ಗೌರಿ ಅಜ್ಜಿಯ ಸೀರೆಯ ಹಿಂದೆ ಅವಿತುಕೊಂಡಳು. ಅತ್ತೆ ಗದರಿಸಿದರು. ಮಗು ಅತ್ತಿತು. ನಾನು ಬಿಡಿ ಎಂದೆ. ದಾರಿಯುದ್ದಕ್ಕೂ ಎತ್ತಿಕೊಳ್ಳುವುದನ್ನೇ ಎಣಿಸಿಕೊಂಡು ಬಂದಿದ್ದೆ. ಅವಳಿಗೆ ಬೇಡವಾಗಬಹುದು ಎಂದು ಮಾತ್ರ ಎಣಿಸಿರಲಿಲ್ಲ.

ಆಮೇಲೆ ನಾನು ಬಲವಂತ ಮಾಡಲಿಲ್ಲ. ಲಿಂಗಯ್ಯ ಹೇಳಿದ್ದು ನೆನಪಿತ್ತು, ಒಂದೇ ಒಂದು ಮಾಡು ಎಂದು. ಹಗಲಿನಲ್ಲಿ ಕೋಣೆಯಲ್ಲಿ ಕೂರುವುದನ್ನು ಬಿಟ್ಟು, ಅವಳು ಆಡುವ ಕಡೆ ಕೆಲಸ ಹಿಡಿದು ಕೂತೆ. ಅಷ್ಟೇ. ಕರೆಯುತ್ತಿರಲಿಲ್ಲ. ಅವರೆಕಾಯಿ ಸುಲಿಯುವುದೋ, ಅಕ್ಕಿ ಆರಿಸುವುದೋ. ಎರಡನೆಯ ವಾರಕ್ಕೆ ಅವಳು ಅವರೆಕಾಯಿ ಎತ್ತಿಕೊಂಡು ಓಡತೊಡಗಿದಳು. ಒಂದು ತಿಂಗಳಿಗೆ ಪಕ್ಕದಲ್ಲಿ ಕೂತು ಸಿಪ್ಪೆ ಎಸೆಯುತ್ತಿದ್ದಳು. ಮುಟ್ಟುತ್ತಿರಲಿಲ್ಲ. ನಾನು ಹತ್ತಿರ ಸರಿದರೆ ಅವಳು ದೂರ ಸರಿಯುತ್ತಿದ್ದಳು.

ಹೀಗೇ ಇರುವಾಗ ಒಂದು ಸಂಜೆ ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆದು ನೋಡಿಕೊಳ್ಳುತ್ತಿದ್ದೆ. ಗೌರಿ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಇದೇನು ದಿನಾ ಕಾಲು ನೋಡುವುದು ಎಂದು ಅವಳಿಗೆ ಬಹಳ ದಿನದಿಂದ ಇದ್ದಿರಬೇಕು. ಬೆಳಕು ಕಡಿಮೆಯಾಗಿತ್ತು, ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಇನ್ನೇನು ಏಳಬೇಕು, ಅವಳು ಮುಂದಕ್ಕೆ ಬಗ್ಗಿ ಬೆರಳು ತೋರಿಸಿದಳು.

"ಅವ್ವ, ಇಲ್ಲಿ ಮುಳ್ಳದೆ."

ನೋಡಿದರೆ ಹಿಮ್ಮಡಿಯಲ್ಲಿ ಜಾಲಿಮುಳ್ಳು, ಚಪ್ಪಲಿಯ ತೊಗಲನ್ನೂ ದಾಟಿ ಬಂದು ಮುರಿದುಕೊಂಡಿತ್ತು. ನನ್ನ ಬೆರಳಿಗೆ ಅದು ಸಿಗಲಿಲ್ಲ, ಎರಡು ಸಲ ಪ್ರಯತ್ನಿಸಿದೆ. ಗೌರಿ "ಇರು" ಎಂದಳು. ನನ್ನ ಕಾಲನ್ನು ಎರಡು ಕೈಯಿಂದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾಲಿಗೆ ಕಚ್ಚಿಕೊಂಡು, ಉಗುರಿನಿಂದ ಹಿಡಿದು ಎಳೆದಳು. ಮುಳ್ಳು ಬಂತು, ಹಿಂದೆ ಒಂದು ಹನಿ ರಕ್ತ ಬಂತು. ರಕ್ತ ನೋಡಿ ಅವಳ ಮುಖ ಸಣ್ಣಗಾಯಿತು.

"ನೋಯ್ತದಾ ಅವ್ವ?"

ನನಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗಿರಲಿಲ್ಲ, ಕಿತ್ತದ್ದೂ ಗೊತ್ತಾಗಿರಲಿಲ್ಲ. ಅವಳ ಕೈ ನನ್ನ ಕಾಲಿನ ಮೇಲೆ ಇರುವುದೂ ಕಣ್ಣಿಗೆ ಕಂಡಷ್ಟೇ.

"ಊಂ ಕಣವ್ವ" ಎಂದೆ. "ನೋಯ್ತದೆ."

ಗೌರಿ ನನ್ನ ಹಿಮ್ಮಡಿಗೆ ಬಾಯಿ ಹತ್ತಿರ ತಂದು, ಕೆನ್ನೆ ಉಬ್ಬಿಸಿ, ಉಫ್ ಉಫ್ ಎಂದು ಊದತೊಡಗಿದಳು. ಅಜ್ಜಿ ಅವಳಿಗೆ ಹಾಗೆ ಮಾಡುತ್ತಿದ್ದರು ಎಂದು ಕಾಣುತ್ತದೆ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ, ಇನ್ನೂ ನೋಯುತ್ತಾ ಎಂದು ಕೇಳಿದಳು. ಇನ್ನೂ ನೋಯುತ್ತೆ ಎಂದೆ. ಮತ್ತೆ ಊದಿದಳು. ಕತ್ತಲಾಗುವವರೆಗೆ ನಾನು ಕಾಲು ತೆಗೆಯಲಿಲ್ಲ.